ಐದಕ್ಕೆ ಐದು ತಂದ ಮಗ

ಕೆಲವರಿಗೆ ಎಲ್ಲಿ ಹೋದರೂ ನೆಂಟರು ಸಿಗುತ್ತಾರೆ, ನನಗೆ ಫಜೀತಿ ಸಿಗುತ್ತದೆ. ಮುಧೋಳ ಬಿಟ್ಟು ಜರ್ಮನಿಯ ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಓದಲು ಹೋದಾಗಲೂ ಅದು ನನ್ನ ಬೆನ್ನು ಬಿಡಲಿಲ್ಲ. ಹೋದ ದಿನದಿಂದಲೇ ನನಗೊಂದು ಹೆದರಿಕೆ ಇತ್ತು. ಅಲ್ಲಿ ಒಂದೇ ವಿಷಯದಲ್ಲಿ ಎರಡು ಸಲ ಫೇಲಾದರೆ ಮೂರನೆಯ ಅವಕಾಶವಿಲ್ಲ, ಗಂಟುಮೂಟೆ ಕಟ್ಟಬೇಕು.

ಬೆಂಚು ಬಡಿದರು

ಮೊದಲ ತಿಂಗಳೇ ತರಗತಿಯ ಮುಂದೆ ನಿಂತು ಹತ್ತು ನಿಮಿಷ ಮಾತಾಡುವ ಸರದಿ ಬಂತು. ನಾನು ಮುಗಿಸಿದ್ದೇ ತಡ, ಎಲ್ಲರೂ ಕೈಗೆಣ್ಣಿನಿಂದ ಬೆಂಚು ಬಡಿಯತೊಡಗಿದರು. ನಮ್ಮ ಕಡೆ ಬಸ್ಸಿನ ಮೈ ಹಾಗೆ ಬಡಿದರೆ ಇನ್ನು ಹೊರಡು ಎಂದೇ ಅರ್ಥ. ಚೀಲ ಹೆಗಲಿಗೇರಿಸಿ ಹೊರಗೆ ನಡೆದುಬಿಟ್ಟೆ.

ಸಹಪಾಠಿಯೊಬ್ಬ ಹಿಂದೆಯೇ ಓಡಿ ಬಂದ. "ಅದು ಇಲ್ಲಿಯ ಚಪ್ಪಾಳೆ ಮಾರಾಯ, ಒಳಗೆ ಬಾ. ಪ್ರೊಫೆಸರು ನಿನಗೆ ಪ್ರಶ್ನೆ ಕೇಳಬೇಕಂತೆ" ಎಂದ. ಆಗ ನಿಜವಾಗಿಯೂ ಓಡಿಹೋಗಬೇಕು ಅನ್ನಿಸಿತು.

ಪೇಢಾ

ಅಪ್ಪ ಸಕ್ಕರೆ ಕಾರ್ಖಾನೆಯ ಬಾಯ್ಲರ್ ವಿಭಾಗದಲ್ಲಿ ಫಿಟರ್. "ಉಗಿ ಅಂದ್ರ ನಮ್ಮ ಮನಿ ಸುದ್ದಿ, ನೀ ಅದರಾಗ ಹಿಂದ ಬೀಳಂಗಿಲ್ಲ" ಎಂದು ಹೇಳಿ ಕಳಿಸಿದ್ದ. ಉಗಿಯ ಪರೀಕ್ಷೆಯಲ್ಲೇ ನಾನು ಬಿದ್ದೆ. ಅಲ್ಲಿ ಒಂದು ಬಂದರೆ ಎಲ್ಲರಿಗಿಂತ ಮೇಲು, ಐದು ಬಂದರೆ ಫೇಲು. ನನಗೆ ಐದು.

ಮನೆಗೆ ಫೋನ್ ಮಾಡಿದೆ.

"ಎಷ್ಟ ಮಾರ್ಕ್ಸ ಬಿದ್ದಾವೋ ತಮ್ಮಾ?"

"ಐದು ಅಪ್ಪಾ."

"ಎಷ್ಟಕ್ಕ?"

"ಐದರ ತನಕಾ ಇರ್ತೈತಿ."

ಮುಂದಿನದನ್ನು ಹೇಳುವಷ್ಟರಲ್ಲಿ ಫೋನು ಅವ್ವನ ಕೈಗೆ ಬಂದಿತ್ತು. "ನಿಮ್ಮಪ್ಪ ಪೇಢಾ ತರಾಕ ಹೋದ. ಐದಕ್ಕ ಐದು ಅಂತ ಓಣಿ ತುಂಬ ಹೇಳಾಕತ್ತಾನ" ಎಂದಳು. ನಾನು ನಿಜ ಹೇಳದೆಯೇ ಫೋನ್ ಇಟ್ಟೆ.

ಮೂರು ದಿನಕ್ಕೆ ಪೇಢಾ ಕಾರ್ಖಾನೆಗೂ ಮುಟ್ಟಿತ್ತು. "ಎಲ್ಲಾರೂ ತಮ್ಮ ಮಕ್ಕಳೂ ನಿನ್ನಂಗ ಆಗ್ಲಿ ಅಂದ್ರಪಾ" ಎಂದು ಅವ್ವ ಮತ್ತೆ ಫೋನ್ ಮಾಡಿ ಹಿಗ್ಗಿದಳು. ಆ ಮಕ್ಕಳಿಗೆ ಹಾಗಾಗದಿರಲಿ ಎಂದು ನಾನು ಮನಸ್ಸಿನಲ್ಲೇ ಕೈಮುಗಿದೆ.

ಎರಡನೆಯ ಸಲ

ಈ ಸಲ ಮೌಖಿಕ ಪರೀಕ್ಷೆ. ಹಿಂದಿನ ವಾರವೆಲ್ಲ ಪುಸ್ತಕ ಬಿಟ್ಟು ಏಳಲಿಲ್ಲ. ಫೇಲಾಗಿ ಊರಿಗೆ ಹೋದರೆ ಪೇಢಾ ತಿಂದವರ ಮುಖ ಹೇಗೆ ನೋಡುವುದು? ಪ್ರೊಫೆಸರು ಬಾಯ್ಲರಿನ ಬಗ್ಗೆಯೇ ಕೇಳಿದರು. ಪುಸ್ತಕದ್ದೆಲ್ಲ ಮರೆತುಹೋಗಿತ್ತು. ಅಪ್ಪನ ಜೊತೆ ಕಾರ್ಖಾನೆಯಲ್ಲಿ ನಿಂತು ನೋಡಿದ್ದನ್ನೇ ಹೇಳುತ್ತಾ ಹೋದೆ.

ಒಂದು ಬಂತು. ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಇನ್ನು ಮುಚ್ಚಿಡುವುದು ಬೇಡವೆಂದು ಅಪ್ಪನಿಗೆ ಎಲ್ಲವನ್ನೂ ಹೇಳಿದೆ. "ಅಪ್ಪಾ, ಮತ್ತ ಪರೀಕ್ಷಾ ಕೊಟ್ಟೆ, ಒಂದು ಬಂತು. ಇಲ್ಲಿ ಒಂದ ಅಂದ್ರ ಎಲ್ಲಾಕ್ಕಿಂತ ಮ್ಯಾಲ. ಆವಾಗ ಬಂದಿದ್ದ ಐದು ಫೇಲು."

ಅಪ್ಪ ಅವ್ವನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿದ.

"ಆತೇಳು ತಮ್ಮಾ, ಒಮ್ಮೊಮ್ಮೆ ಐದಕ್ಕ ಒಂದೂ ಬೀಳ್ತೈತಿ. ಊಟಾ ಬಿಡಬ್ಯಾಡ. ನಾ ಯಾರಿಗೂ ಹೇಳಂಗಿಲ್ಲ."