ಲೈಸೆನ್ಸ್ ಬೇಡದ ಕೋವಿಗಾರ

ಕೊಡವ ಅಂತ ಒಮ್ಮೆ ಬಾಯಿಬಿಟ್ಟರೆ ಮುಗೀತು, ಎಲ್ಲಿಗೆ ಹೋದರೂ ಕೋವಿಯ ಮಾತು ಬೆನ್ನ ಹಿಂದೆಯೇ ಬರುತ್ತದೆ. ಕತಾರಿಗೆ ಬಂದರೂ ಬಿಡಲಿಲ್ಲ. ಲುಸೈಲಿನ ಕಟ್ಟಡ ಕಂಪನಿಯೊಂದರಲ್ಲಿ ನಾನು ಡಾಕ್ಯುಮೆಂಟ್ ಕಂಟ್ರೋಲರ್. ಅಂದರೆ ನಕ್ಷೆಗಳಿಗೆ ಸೀಲು ಒತ್ತಿ ಕಪಾಟಿನಲ್ಲಿಡುವವನು. ದೀಪಾವಳಿ ಪಟಾಕಿಗೇ ಕಿವಿ ಮುಚ್ಚಿಕೊಳ್ಳುವ ಪ್ರಾಣಿ. ಹುಟ್ಟಿದಾಗಿನಿಂದ ಒಂದೇ ಒಂದು ಗುಂಡು ಹೊಡೆದವನಲ್ಲ. ಈ ಗುಟ್ಟು ನನ್ನ ಹೆಂಡತಿಯೊಬ್ಬಳಿಗೇ ಗೊತ್ತಿತ್ತು. ಆಫೀಸಿನಲ್ಲಿ ಅದನ್ನು ಮುಚ್ಚಿಡಲು ಹೋಗಿ ನಾನು ಪಟ್ಟ ಪಾಡು ಇಲ್ಲಿದೆ.

೧. ಹಕ್ಕು ಇದೆ, ಕೋವಿ ಇಲ್ಲ

ನಮ್ಮ ಸೇಫ್ಟಿ ಮ್ಯಾನೇಜರ್ ಅಮೆರಿಕದವನು. ಕೋವಿ ಇಟ್ಟುಕೊಳ್ಳುವುದು ಮನುಷ್ಯನ ಹಕ್ಕು ಅಂತ ಎರಡು ಗಂಟೆ ಭಾಷಣ ಮಾಡಬಲ್ಲ. ಕೊಡವರಿಗೆ ಕೋವಿಗೆ ಲೈಸೆನ್ಸ್ ಬೇಡ, ವಿನಾಯಿತಿ ಪತ್ರ ಇದ್ದರೆ ಸಾಕು ಅಂತ ಯಾರೋ ಅವನ ಕಿವಿಗೆ ಹಾಕಿದರು. ಓಡಿ ಬಂದು ನನ್ನನ್ನು ಅಪ್ಪಿಕೊಂಡೇಬಿಟ್ಟ.

"ಲೈಸೆನ್ಸೇ ಬೇಡವಾ! ನೀನು ಪುಣ್ಯವಂತ ಕಣಯ್ಯಾ! ಗುರಿ ಹೇಗೆ?"

ಇಲ್ಲ ಅನ್ನಬೇಕಿತ್ತು. ಆದರೆ ಅಷ್ಟು ಗೌರವದಿಂದ ನನ್ನನ್ನು ಆ ಆಫೀಸಿನಲ್ಲಿ ಯಾರೂ ನೋಡಿರಲಿಲ್ಲ. ಹಬ್ಬದ ಪಂದ್ಯದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಯನ್ನು ಒಂದೇ ಗುಂಡಿಗೆ ಒಡೆದ ಕಥೆ ಹೇಳಿದೆ. ಕಥೆ ಅಕ್ಷರಶಃ ನಿಜ. ಒಡೆದವಳು ನನ್ನ ಹೆಂಡತಿ ಅನ್ನುವುದೊಂದನ್ನು ಮಾತ್ರ ಬಿಟ್ಟೆ.

೨. ಅಜ್ಜನ ಕೋವಿ ಯಾವ ಜಾತಿ?

ಒಂದು ದಿನ ಪ್ಯಾಂಟ್ರಿಯಲ್ಲಿ ಚಹಾ ಕುಡಿಯುವಾಗ ಜಗಳ ಶುರುವಾಯಿತು. ಟಿವಿಯಲ್ಲಿ ಕಂಡ ಯಾವುದೋ ಬಂದೂಕನ್ನು ನಮ್ಮ ಮಂಗಳೂರಿನ ಅಕೌಂಟೆಂಟ್ "ಅಸಾಲ್ಟ್ ರೈಫಲ್" ಅಂದುಬಿಟ್ಟ. ಅಮೆರಿಕದವನಿಗೆ ಮೈಯೆಲ್ಲ ಉರಿಯಿತು.

"ತಪ್ಪು! ಟ್ರಿಗರ್ ಎಳೆದು ಹಿಡಿದರೆ ಗುಂಡು ಸುರಿಯುತ್ತಲೇ ಇರಬೇಕು, ಅದು ಅಸಾಲ್ಟ್ ರೈಫಲ್. ಒಂದು ಸಲ ಎಳೆದರೆ ಒಂದೇ ಗುಂಡು ಬರುವುದು ಸೆಮಿ ಆಟೋಮ್ಯಾಟಿಕ್. ಅದನ್ನು ಸ್ಪೋರ್ಟಿಂಗ್ ರೈಫಲ್ ಅನ್ನಬೇಕು."

"ಎದುರು ನಿಂತವನಿಗೆ ಹೆಸರು ವಿಚಾರಿಸಲಿಕ್ಕೆ ಪುರುಸೊತ್ತು ಉಂಟಾ?" ಅಂದ ಮಂಗಳೂರಿನವನು. ನನ್ನ ಕಡೆ ತಿರುಗಿ, "ನೀನಾದರೂ ಹೇಳು ಮಾರಾಯ, ನಿಮ್ಮ ಮನೆಯದ್ದು ಎಂತದು? ರೈಫಲ್ಲಾ, ಶಾಟ್‌ಗನ್ನಾ?"

ನಮ್ಮ ಮನೆಯಲ್ಲಿ ಅದಕ್ಕಿದ್ದ ಒಂದೇ ಹೆಸರು 'ಅಜ್ಜನ ಕೋವಿ'. ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು. ಗಂಭೀರವಾಗಿ ಹೇಳಿದೆ: "ಎರಡೂ."

ಅಮೆರಿಕದವನು ಮೆಚ್ಚಿ ತಲೆದೂಗಿದ. ಸಂಜೆ ಊರಿಗೆ ಫೋನ್ ಮಾಡಿ, ಕೋವಿ ಕಾಯುತ್ತಿರುವ ದೊಡ್ಡಪ್ಪನನ್ನೇ ಕೇಳಿದೆ.

"ನಳಿಗೆ ಒಳಗೆ ಸುರುಳಿ ಗೀರು ಇದ್ದರೆ ರೈಫಲ್ ಮೋನೇ, ನುಣ್ಣಗಿದ್ದರೆ ಅಲ್ಲ."

"ನಮ್ಮದು ಹೇಗಿದೆ, ಇಣುಕಿ ನೋಡಿ ಹೇಳಿ ದೊಡ್ಡಪ್ಪ."

"ನೋಡೋಕೆ ಆಗಲ್ಲ. ಒಳಗೆ ಕಣಜ ಗೂಡು ಕಟ್ಟಿದೆ."

೩. ಕಾಗದದ ಕೋವಿ

ಕೈಲ್ ಪೋಳ್ದ್ ಅಂದರೆ ನಮಗೆ ಕೋವಿ ಪೂಜೆಯ ಹಬ್ಬ. ಚಂದನ ಹಚ್ಚಿ, ಹೂ ಮುಡಿಸಿ, ಅಡ್ಡಬೀಳುವುದು. ನಿಜ ಹೇಳಬೇಕೆಂದರೆ ಕೋವಿ ವಿದ್ಯೆಯಲ್ಲಿ ನನಗೆ ಬರುವುದು ಇಷ್ಟೇ. ದೋಹಾದಲ್ಲಿ ಕೋವಿ ಎಲ್ಲಿಂದ ತರುವುದು? ಚಿತ್ರಕ್ಕೇ ಪೂಜೆ ಮಾಡೋಣ ಅಂತ ನಮ್ಮವರ ನಾಲ್ಕಾರು ಸಂಸಾರ ಸೇರಿ ತೀರ್ಮಾನಿಸಿದೆವು. ದೊಡ್ಡಪ್ಪ ಕಳಿಸಿದ ಫೋಟೋವನ್ನು ಆಫೀಸಿನಲ್ಲಿ ನಕ್ಷೆ ಮುದ್ರಿಸುವ ಪ್ಲಾಟರ್ ಯಂತ್ರದಲ್ಲಿ ನಕ್ಷೆಯಷ್ಟು ದೊಡ್ಡದಾಗಿ ತೆಗೆದೆ.

ಮದೀನತ್ ಖಲೀಫಾ ಬಡಾವಣೆಯ ಗೆಳೆಯರೊಬ್ಬರ ವಿಲ್ಲಾದಲ್ಲಿ ಕಡಂಬಿಟ್ಟು, ಕೋಳಿ ಸಾರು ಘಮಘಮಿಸುತ್ತಿತ್ತು. ಚಿತ್ರ ಬಿಚ್ಚಿ ಗೋಡೆಗೆ ಅಂಟಿಸಿದೆ. ಎಲ್ಲರೂ ಕೈಮುಗಿದರು. ಹಿರಿಯರೊಬ್ಬರು ಕನ್ನಡಕ ಏರಿಸಿ ಮೂಲೆಯನ್ನು ದಿಟ್ಟಿಸಿದರು.

"ಇದೇನಪ್ಪಾ ಕೆಂಪು ಸೀಲು? 'ಅಪ್ರೂವ್ಡ್ ವಿತ್ ಕಾಮೆಂಟ್ಸ್' ಅಂತಿದೆ?"

ಅಯ್ಯೋ ದೇವರೇ! ಪ್ಲಾಟರಿನಿಂದ ಹಾಳೆ ಹೊರಗೆ ಬಂದರೆ ಸಾಕು, ನನ್ನ ಕೈ ತಾನಾಗಿ ಸೀಲು ಒತ್ತುತ್ತದೆ.

"ಕಾಮೆಂಟ್ ಏನು?" ಹಿರಿಯರು ಬಿಡಲಿಲ್ಲ.

ನನ್ನ ಹೆಂಡತಿ ತಟ್ಟೆ ಜೋಡಿಸುತ್ತಲೇ ಅಂದಳು: "ಕಣಜ ಓಡಿಸಬೇಕು ಅಂತ."

೪. ಗುರಿ

ಸುಳ್ಳಿಗೆ ಆಯುಷ್ಯ ಕಮ್ಮಿ ಅನ್ನುತ್ತಾರೆ. ನನ್ನದು ಆರು ವರ್ಷ ಬಾಳಿತು. ಕಳೆದ ಚಳಿಗಾಲದಲ್ಲಿ ಕಂಪನಿಯವರು ಸಂಸಾರ ಸಮೇತ ಎಲ್ಲರನ್ನೂ ಶೂಟಿಂಗ್ ರೇಂಜಿಗೆ ಕರೆದೊಯ್ದರು. ಸೈಟಿನವರಿಗೂ ಆಫೀಸಿನವರಿಗೂ ಪಂದ್ಯ. ಆಫೀಸಿನ ಕಡೆಯಿಂದ ಕೊನೆಯ ಹತ್ತು ಗುಂಡು ನನ್ನವು. ಪಟ್ಟಿ ಬರೆದವನು ಅಮೆರಿಕದವನು, ಇನ್ನು ಕೇಳಬೇಕೆ?

ಅವನು ನನ್ನ ಹೆಂಡತಿಗೆ ತೆಂಗಿನಕಾಯಿಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಬಣ್ಣಿಸಿದ. ಅವಳು ನನ್ನನ್ನೇ ನೋಡುತ್ತಾ, "ಹೌದಾ? ಆ ದಿನ ನಾನೂ ಅಲ್ಲೇ ಇದ್ದೆ" ಅಂದಳು. ನನ್ನ ಮಾನ ಅವಳ ತುಟಿಯ ತುದಿಯಲ್ಲಿತ್ತು.

ಸರದಿ ಬಂತು. ಮೇಜಿನ ಮೇಲೆ ರೈಫಲ್. ಗೊತ್ತಿದ್ದದ್ದನ್ನೇ ಮಾಡಿದೆ. ಮುಟ್ಟಿ ಕಣ್ಣಿಗೊತ್ತಿಕೊಂಡು, ಕೈಮುಗಿದು, 'ಇಗ್ಗುತ್ತಪ್ಪಾ, ಒಂದಾದರೂ ಗುರಿ ಹಾಳೆಗೆ ತಾಗಲಿ' ಅಂತ ಬಹಳ ಹೊತ್ತು ಬೇಡಿಕೊಂಡೆ. ಹಿಂದೆ ನಿಂತಿದ್ದ ಮಂಗಳೂರಿನವನು ಟೋಪಿ ತೆಗೆದ. ಅಮೆರಿಕದವನಂತೂ ತಾನೂ ಕೈಮುಗಿದ.

ಐದು ಗುಂಡು ಹೊಡೆದೆ. ಐದೂ ಸಲ ಕಣ್ಣು ಮುಚ್ಚಿಕೊಂಡೆ. ಹಾಳೆ ಅಂಗಡಿಯಿಂದ ತಂದಂತೆಯೇ ಇತ್ತು.

ಅಲ್ಲಿನ ಅರಬ್ಬಿ ಕೋಚ್ ಹಿಂದಿಯಲ್ಲಿ ಹೇಳಿದ: "ಭಾಯ್, ದೇವರಿಗೆ ಕೋವಿ ತೋರಿಸಿದೆ ಸರಿ. ಗುರಿ ತೋರಿಸಲಿಲ್ಲವಲ್ಲ! ಖಲಾಸ್, ಬೇರೆಯವರು ಬರಲಿ."

ಬಂದವಳು ನನ್ನ ಹೆಂಡತಿ. ವ್ಯಾನಿಟಿ ಬ್ಯಾಗನ್ನು ನನ್ನ ಕೈಗಿತ್ತು, ಸೆರಗು ಸಿಕ್ಕಿಸಿ, ಉಳಿದ ಐದು ಗುಂಡನ್ನೂ ನಡುವಿನ ಕಪ್ಪು ಬೊಟ್ಟಿಗೇ ಹೊಡೆದಳು. ಆಫೀಸಿನವರು ಗೆದ್ದರು. ಅಮೆರಿಕದವನು ಮೂಗಿನ ಮೇಲೆ ಬೆರಳಿಟ್ಟುಕೊಂಡ.

"ಇದು ಸುಲಭ," ಅಂದಳು ಅವಳು. "ತೆಂಗಿನಕಾಯಿ ಆದರೆ ಮರದ ತುದಿಯಲ್ಲಿರುತ್ತೆ."

ಅವನು ಅವಳನ್ನು ನೋಡಿದ. ಆಮೇಲೆ ಬ್ಯಾಗು ಹಿಡಿದು ನಿಂತಿದ್ದ ನನ್ನನ್ನು ನೋಡಿದ. ಅವನಿಗೆ ಅರ್ಥವಾಯಿತು. ನಾಚಿಕೆಯಿಂದ ಸತ್ತೇಹೋದೆ, ಆದರೆ ಎದೆಯ ಮೇಲಿಂದ ಆರು ವರ್ಷದ ಕಲ್ಲು ಇಳಿದಂತಾಯಿತು.

ಆಮೇಲೆ ಕೋವಿಯ ಬಗ್ಗೆ ನನ್ನನ್ನು ಯಾರೂ ಕೇಳಿಲ್ಲ. ಪೂಜೆಗೆ ಮಾತ್ರ ಕರೆಯುತ್ತಾರೆ. ಹೋದ ವಾರ ಆಫೀಸಿಗೆ ಹೊಸ ಪ್ಲಾಟರ್ ಬಂತು. "ಯಲ್ಲಾ, ಬಾ ಬಾ, ನಿನ್ನ ನಮಸ್ಕಾರ ಒಂದು ಆಗಲಿ" ಅಂತ ಅಮೆರಿಕದವನೇ ಎಳೆದುಕೊಂಡು ಹೋದ. ಕಣ್ಣು ಮುಚ್ಚಿ, ಭಕ್ತಿಯಿಂದ, ರೇಂಜಿನಲ್ಲಿ ಮಾಡಿದಂತೆಯೇ ಮಾಡಿದೆ. ಗುಂಡಿ ಒತ್ತಿದರು.

ಮೊದಲ ಹಾಳೆ ಖಾಲಿ ಬಂತು.