ಭಜನೆಯ ಮರೆಯಲ್ಲಿ ಅಂಗೋಲಾ

ಹೆದರುವವನ ಮನೆಯನ್ನು ಹೆದರಿಕೆ ತಾನೇ ಹುಡುಕಿಕೊಂಡು ಬರುತ್ತದೆ. ನನ್ನ ಮನೆ ಹುಡುಕಲು ಅದಕ್ಕೆ ಎಂದೂ ಕಷ್ಟವಾಗಲಿಲ್ಲ.

ತುರ್ತು ಪರಿಸ್ಥಿತಿಯ ಕಾಲ. ನಾನು ಅಫಜಲಪುರದಲ್ಲಿ ಹಂಗಾಮಿ ಮಾಸ್ತರ. ನೌಕರಿ ಕಾಯಂ ಆಗಲು ಪೊಲೀಸ್ ಠಾಣೆಯ ಫೌಜದಾರರು ನನ್ನ ಬಗ್ಗೆ ಒಳ್ಳೆಯ ಮಾತು ಬರೆಯಬೇಕು. ಹಿರೋಳ್ಳಿಯಲ್ಲಿ ತಂಗಿಯ ಮದುವೆ ಆ ನೌಕರಿಯ ಮೇಲೆ ನಿಂತಿತ್ತು. ಇಂಥವನು ಬಾಯಿ ಮುಚ್ಚಿಕೊಂಡಿರಬೇಕಲ್ಲ? ಆದರೆ ಆಳಂದದ ವಕೀಲರೊಬ್ಬರು, ಗುರುವಾರ ಸಂಜೆ ನಿಮ್ಮ ಕೋಣೆಯಲ್ಲಿ ಮಾರ್ಕ್ಸ್‌ವಾದ ಓದೋಣ ಎಂದರು. ಬೇಡ ಎನ್ನಲೂ ನನಗೆ ಹೆದರಿಕೆಯಾಯಿತು.

ಹೊಳೆಯುವ ರಟ್ಟು

ವಕೀಲರು ರಷ್ಯಾದ ಪತ್ರಿಕೆಗಳನ್ನು ತಂದುಕೊಟ್ಟರು. ಓದಲು ಹೆದರಿಕೆ, ಸುಡಲು ಇನ್ನೂ ಹೆದರಿಕೆ. ದಪ್ಪ, ನುಣುಪು ಕಾಗದ ನೋಡಿ ಶಾಲೆಯ ಮಕ್ಕಳಿಗೆ ಪುಸ್ತಕಕ್ಕೆ ರಟ್ಟು ಹಾಕಿಕೊಳ್ಳಲು ಹಂಚಿಬಿಟ್ಟೆ. ಬಚಾವಾದೆ ಅಂದುಕೊಂಡೆ. ಮರುವಾರವೇ ಶಿಕ್ಷಣ ಇಲಾಖೆಯ ಇನ್‌ಸ್ಪೆಕ್ಟರ್ ಶಾಲೆ ತಪಾಸಣೆಗೆ ಬಂದರು. ಪ್ರತಿ ಗಣಿತ ಪುಸ್ತಕದ ಮೇಲೂ ಟ್ರ್ಯಾಕ್ಟರ್ ಹತ್ತಿ ನಗುವ ರಷ್ಯಾದ ಹೆಂಗಸು! ಅವರು ಒಂದು ಪುಸ್ತಕ ಎತ್ತಿ ತಿರುವಿ ನೋಡಿ, ನನ್ನನ್ನು ಹೊರಗೆ ಕರೆದರು. ತಂಗಿಯ ಮದುವೆ ಮುರಿದುಬಿತ್ತು ಎಂದೇ ತಿಳಿದೆ.

“ಮಾಸ್ತರ, ನಮ್ಮ ಮನ್ಯಾಗೂ ಓದೋ ಹುಡುಗರು ಅದಾರ. ಇಂಥಾ ಕಾಗದ ಇನ್ನೊಂದೀಟು ಸಿಗತಾವೇನ್ರಿ?”

ಅಂದಿನಿಂದ ವಕೀಲರು ತಂದ ಕ್ರಾಂತಿಯನ್ನು ತಿಂಗಳು ತಿಂಗಳೂ ಸರಕಾರಿ ಅಧಿಕಾರಿಯ ಮನೆಗೆ ಮುಟ್ಟಿಸುವ ಕೆಲಸ ನನ್ನದಾಯಿತು.

ಒಂದೇ ಸಾಲು

ಕೂಟದಲ್ಲಿ ಇದ್ದವರೇ ಮೂವರು: ವಕೀಲರು, ನಾನು, ಮತ್ತೆ ದನದ ದವಾಖಾನೆಯ ಕಂಪೌಂಡರ್, ಜೇವರ್ಗಿಯವನು. ಗುರುವಾರ ದತ್ತನ ವಾರ, ಅವನ ಕ್ಷೇತ್ರ ಗಾಣಗಾಪುರವೂ ಹತ್ತಿರ. ಭಜನೆಯ ಮೇಲೆ ಯಾರೂ ಸಂಶಯಪಡುವುದಿಲ್ಲ ಎಂದು ವಕೀಲರೇ ಉಪಾಯ ಹೇಳಿ ತಾಳ ತಂದರು. ಹೊರಗೆ ಹೆಜ್ಜೆ ಸಪ್ಪಳವಾದರೆ ಪುಸ್ತಕ ಚಾಪೆಯಡಿಗೆ, ತಾಳ ಕೈಗೆ. ಮೂವರಿಗೂ ಬರುತ್ತಿದ್ದುದು ಒಂದು ಭಜನೆಯ ಮೊದಲ ಸಾಲು ಮಾತ್ರ. ಒಮ್ಮೆ ಬಾಗಿಲಾಚೆ ಸಪ್ಪಳ ಕೇಳಿ, ಬೆವರು ಸುರಿಸುತ್ತ ಅದೇ ಸಾಲನ್ನು ಗಂಟಲು ಹರಿಯುವತನಕ ಹಾಡಿದೆವು. ಕೊನೆಗೆ ನೋಡಿದರೆ ಎಮ್ಮೆ.

ಮನೆಯ ಮಾಲಕಿ ಮುದುಕಿಯನ್ನು ಎಲ್ಲರೂ ಆಯಿ ಅನ್ನುತ್ತಿದ್ದರು. ಮರುದಿನ ಆಯಿ ತೆಂಗಿನಕಾಯಿ ಹಿಡಿದು ಬಂದಳು.

“ಭಕ್ತಿ ಭಾಳ ಅದ ನಿಮ್ಗ. ಆದ್ರ ಮುಂದಿನ ಸಾಲು ದೇವರಿಗೂ ಕೇಳಬೇಕು ಅನಸತದಲ್ರಿ.”

ಹೊರಗಿನವರು

ಮುಂದೊಂದು ಗುರುವಾರ ಅಂಗೋಲಾದ ಅಂತರ್ಯುದ್ಧದ ಪಾಠ. ಬಂಡವಾಳಕ್ಕೆ ಸ್ವಂತ ದೇಶ ಸಾಲದಾದಾಗ ಪರರ ಎಣ್ಣೆಗೆ, ಗಣಿಗೆ ಕೈ ಹಾಕುತ್ತದೆ, ಅಲ್ಲಿ ಅಣ್ಣತಮ್ಮಂದಿರ ಜಗಳ ಕಂಡರೆ ಒಬ್ಬನ ಕೈಗೆ ಬಂದೂಕು ಕೊಡುತ್ತದೆ, ಇದೇ ಸಾಮ್ರಾಜ್ಯಶಾಹಿ ಎಂದರು ವಕೀಲರು. ಕಂಪೌಂಡರ್, ಹಾಗಾದರೆ ನಿಮ್ಮ ರಷ್ಯಾದ ಗೆಳೆಯ ಕ್ಯೂಬಾದ ಸೈನ್ಯ ಅಲ್ಲಿಗೆ ಯಾಕೆ ಹೋಯಿತು ಎಂದು ಕೇಳಿದ. ಅದು ಸಹಾಯ, ಮನೆಯವರೇ ಕರೆದಿದ್ದಾರೆ ಎಂದರು ವಕೀಲರು. ಬದುವಿನ ಜಗಳ ಬಿಡಿಸಲು ಕರೆದವನು ಹೊಲವನ್ನೇ ಉತ್ತಿದ್ದನ್ನು ನಮ್ಮೂರಲ್ಲಿ ಕಂಡಿದ್ದೇನೆ ಎಂದ ಕಂಪೌಂಡರ್. ಮಾತಿಗೆ ಮಾತು ಬೆಳೆದು ಇಬ್ಬರೂ ಎದ್ದು ನಿಂತರು. ಯಾರೇ ಇರಲಿ, ಹೊರಗಿನವರು ಹೊರಗೆ ಹೋಗಬೇಕು ಎಂದು ಕಂಪೌಂಡರ್ ಕೂಗಿದ. ಮೆಲ್ಲಗೆ ಮಾತಾಡಿ ಎಂದು ನಾನು ಕಾಲು ಹಿಡಿಯುವುದೊಂದು ಬಾಕಿ.

ಬಾಗಿಲು ತೆರೆಯಿತು. ಮುಂದೆ ಫೌಜದಾರರು, ಹಿಂದೆ ಆಯಿ. ತನ್ನ ಮನೆಯಲ್ಲಿ ಹೊಡೆದಾಟವಾದೀತೆಂದು ಅವಳೇ ಕರೆತಂದಿದ್ದಳು.

“ಹೊರಗಿನವ್ರು ಹೊರಗ ಹೋಗ್ಬೇಕು ಅಂತ ಯಾರಿಗೆ ಅನ್ನಾಕತ್ತಿದ್ರಿ?” ಎಂದರು ಫೌಜದಾರರು.

ವಕೀಲರು ತಾಳ ಹುಡುಕತೊಡಗಿದರು. ನಾನು ಕಾಲಿನಿಂದಲೇ ಪುಸ್ತಕವನ್ನು ಚಾಪೆಯಡಿಗೆ ತಳ್ಳಿದೆ. ಸುಳ್ಳು ಹೊಳೆಯದೆ ನಿಜವನ್ನೇ ಅರ್ಧ ಹೇಳಿದೆ: “ಭಜನಿಗೆ ಹೊರಗಿನವ್ರು ಬರಬಾರದು ಅಂತಾರ್ರಿ ಕಂಪೌಂಡರು. ಮನಿಯವ್ರು ಕರದ್ರ ಬರಬಹುದು ಅಂತಾರ ವಕೀಲ್ರು.”

ಫೌಜದಾರರು ವಕೀಲರ ಬೆನ್ನು ತಟ್ಟಿದರು. “ವಕೀಲ್ರು ಅನ್ನೂದು ಖರೇ ಅದ. ಈಗ ನನಗ ಆಯಿ ಕರದಾಳಲ್ಲ?”

ಬೂಟು ಬಿಚ್ಚಿ, ಚಾಪೆಯ ಮೇಲೆ, ಸರಿಯಾಗಿ ಪುಸ್ತಕವಿದ್ದ ಕಡೆಗೇ ಕುಳಿತರು. ಅವರಿಗೆ ಭಜನೆ ಪೂರ್ತಿ ಬರುತ್ತಿತ್ತು. ಮುಂದಿನ ಗುರುವಾರ ಹಾರ್ಮೋನಿಯಂ ತಂದರು. ಅದರ ಮುಂದಿನ ಗುರುವಾರ ಠಾಣೆಯ ಪೇದೆಗಳೂ ಬಂದರು.

ನನ್ನ ನೌಕರಿ ಕಾಯಂ ಆಯಿತು. ದೈವಭಕ್ತ ಎಂದು ಫೌಜದಾರರೇ ಬರೆದಿದ್ದರಂತೆ. ತಂಗಿಯ ಮದುವೆಯೂ ಆಯಿತು. ತುರ್ತು ಪರಿಸ್ಥಿತಿ ಮುಗಿದು ದೇಶಕ್ಕೆಲ್ಲ ಬಿಡುಗಡೆ ಸಿಕ್ಕಿತು. ನಮ್ಮ ಕೋಣೆಗೆ ಸಿಗಲಿಲ್ಲ.

ಒಂದು ಗುರುವಾರ, ಪೇದೆಗಳ ನಡುವೆ ಸಿಕ್ಕು ತಾಳ ಹಾಕುತ್ತಿದ್ದ ವಕೀಲರ ಕಿವಿಯಲ್ಲಿ ಕಂಪೌಂಡರ್ ಕೇಳಿದ: “ಮನಿಯವ್ರು ಕರದ್ರ ಬರಬಹುದು ಅಂದ್ರಿ. ಬಂದವ್ರನ್ನ ಕಳಸೂದು ಹ್ಯಾಂಗ ಅಂತ ನಿಮ್ಮ ಪುಸ್ತಕದಾಗ ಬರದಾರೇನ್ರಿ?”

ವಕೀಲರು ಫೌಜದಾರರ ಕಡೆ ನೋಡಿದರು. ಫೌಜದಾರರೂ ಅವರ ಕಡೆ ನೋಡಿದರು. ವಕೀಲರು ಕಣ್ಣು ಮುಚ್ಚಿ ಇನ್ನೂ ಜೋರಾಗಿ ಹಾಡಿದರು.