ಎಂಟೆಳಿ ದಾರಕ್ಕ ನಾ ಹಾಕಿದ ಗಂಟ

ದಾರದ ವಿಷಯದಾಗ ನನಗ ಯಾರೂ ಬುದ್ಧಿ ಹೇಳಬಾರದು ಅಂತ ಭಾಳ ವರ್ಷ ತಿಳ್ಕೊಂಡಿದ್ನಿ. ಇಳಕಲ್ಲ ಸೀರಿ ಸೆರಗನ್ನ ಒಡಲಿಗೆ ಎಳಿಗೆ ಎಳಿ ಕೂಡಿಸಿದ ಕೈ ಇದು. ಈಗ ಅದೇ ಕೈಲೆ ಫೋನಿನ್ಯಾಗ ಈ ಕತಿ ಒತ್ತಿ ನನ್ನ ಮಾನಾ ನಾನ ಕಳ್ಕೊಳ್ಳಾಕ ಹತ್ತೇನಿ. ಓದ್ರಿ!

ಮನಿಗೆ ಹೊಸದಾಗಿ ಮೊಬೈಲ್ ಬಂದಿದ್ದ ಕಾಲ. ಗೋವಾದಾಗ ಕೆಲಸದಾಗಿದ್ದ ಅಳಿಯಾರು ನಮ್ಮ ಮನಿಗೆ ಬಂದಿದ್ರು. ಮಗಳು ಸುಮಾನ ಮದಿವಿ ಆಗಿ ಎರಡ ವರ್ಷಾದ್ರೂ ಅವ್ರು ನನ್ನ ಜೋಡಿ "ಹೂಂ", "ಉಹೂಂ" ಬಿಟ್ರ ಮಾತಾಡಿದ್ದಿಲ್ಲ. ತಪ್ಪು ನಂದ. ಅವ್ರಿಗೆ ಮೀನ ಹಿಡಿಯೋ ಹುಚ್ಚು ಅಂತ ಮದಿವಿ ಮಾತುಕತಿಯಾಗ ಕೇಳಿದ ಕೂಡ್ಲೆ ನಾ ಮೂಗ ಮುಚ್ಕೊಂಡಿದ್ನಿ. ಮೀನ ಇನ್ನೂ ಸಮುದ್ರದಾಗ ಇತ್ತು!

ಅಂಥಾ ಅಳಿಯಾರು ಆ ದಿನಾ ಮೂರ ಉಂಡಿ ದಾರಾ ನನ್ನ ಮುಂದ ಇಟ್ರು.

"ಅತ್ತಿ, ಇವು ಹೆಣದ ದಾರ..."

"ಹೆಣದ ದಾರಾ?" ನಮ್ಮ ಮನಿಯವ್ರು ಮಗ್ಗದಿಂದ ಎದ್ದ ಬಂದ್ರು.

"ಜಡಿ ಹೆಣದಂಗ ಹೆಣದದ್ದು, ಮಾವಾ! ಹೊಳ್ಯಾಗ ದೊಡ್ಡ ಬಾಯಿ ಮೀನ ಹಿಡೀಬೇಕು. ನಾಕೆಳಿದು ಒರಟ, ಕಲ್ಲಿಗೆ ತಿಕ್ಕಿದ್ರೂ ತಡೀತೈತಿ. ಎಂಟೆಳಿದು ನುಣ್ಣಗ, ದೂರ ಹೋಗತೈತಿ. ಇದು ಮೇಣಾ ಸವರಿದ್ದು. ಅತ್ತಿ, ದಾರಾ ನಿಮಗ ಗೊತ್ತು. ಯಾವ್ದ ಚಲೋ?"

ನನಗ ಕಣ್ಣಾಗ ನೀರ ಬಂತು. ಅಳಿಯಾರು ನನ್ನ ಕೇಳಿದ್ರು! ಇವತ್ತ ಈ ದಾರದಾಗ ಸಂಬಂಧ ಗಟ್ಟಿ ಮಾಡೇ ತೀರಬೇಕು ಅಂತ ಪರೀಕ್ಷಾ ಶುರು ಮಾಡಿದ್ನಿ. ಮೂಸಿ ನೋಡಿದ್ನಿ. ಉಗುರಿಲೆ ಮೀಟಿದ್ನಿ. ತುದಿ ಸುಟ್ನಿ.

"ಕೂದಲ ಸುಟ್ಟ ವಾಸನಿ ಬರವಲ್ದು. ಇದು ಖರೆ ರೇಷ್ಮಿ ಅಲ್ಲ!"

"ರೇಷ್ಮಿ ಅಂತ ಯಾರ ಅಂದ್ರು ಅತ್ತಿ?"

ಆದ್ರೂ ಬಿಡಲಿಲ್ಲ. "ಎಂಟೆಳಿದ ಉತ್ತಮ" ಅಂತ ತೀರ್ಪ ಕೊಟ್ನಿ. ಅಷ್ಟಕ್ಕ ಸುಮ್ನಿರಬೇಕಿಲ್ಲ? ಮಗ್ಗದಾಗ ಉದ್ದಕ್ಕ ಹಾಸೋ ದಾರಾ ಅಂದ್ರ ಗಂಜಿ ಬೇಕು, ಗಂಜಿ ಇಲ್ಲದ ದಾರಾ ನಮ್ಮ ಓಣ್ಯಾಗ ದಾರಾ ಅಲ್ಲ. ಅಳಿಯಾರು ಮಧ್ಯಾಹ್ನ ಉಂಡ ಮಲಗಿದಾಗ ಇಡೀ ಉಂಡಿ ಬಿಚ್ಚಿ, ಅಕ್ಕಿ ಗಂಜಿ ತಿಕ್ಕಿ, ಓಣ್ಯಾಗ ಎಳದ ಒಣಗಿಸಿ, ಮತ್ತ ಸುತ್ತಿಟ್ನಿ. ಗಾಳಾನೂ ನಾನ ಕಟ್ಟಿದ್ನಿ. ನೇಕಾರ ಗಂಟ! ಸಣ್ಣದು, ಚಪ್ಪಟಿ, ಉಳಿದ ತುದಿ ಹಲ್ಲಿಲೆ ಕಡದ ಸಾಫ್.

ಮರುದಿನಾ ಸುಮಾ, ನಮ್ಮ ಮನಿಯವ್ರು, ಎಲ್ಲಾರೂ ಕೂಡಿ ಹುನಗುಂದ ಕಡೆ ಹೊಳಿ ದಂಡಿಗೆ ಹೋದ್ವಿ. ಅಳಿಯಾರು ಗಾಳಾ ಬೀಸಿದ್ರು. ದೂರ ಹೋಗೋ ದಾರಾ ತಂತಿಯಂಗ ಸೆಟದ ಅವ್ರ ಕಾಲಬುಡಕ ಬಿತ್ತು!

"ಅತ್ತಿ, ಇದಕ್ಕೇನ ಆಗೇತಿ?"

"ಗಂಜಿ," ಅಂದ್ನಿ. ನನ್ನ ಧ್ವನಿ ನನಗ ಕೇಳಲಿಲ್ಲ.

ಅವ್ರು ತಲಿ ಕೆರಕೊಂಡು ದಾರಾ ನೀರಾಗ ತೋಯ್ಸಿ ಮತ್ತ ಬೀಸಿದ್ರು. ಹೊಳ್ಯಾಗಿನ ಚಿಳ್ಳಿ ಮೀನೆಲ್ಲಾ ಗಂಜಿ ಊಟಕ್ಕ ಬಂದುವು. ಗಾಳಾ ಬಿಟ್ಟು ದಾರಾ ನೆಕ್ಕಾಕ ಹತ್ತಿದುವು! ಅವನ್ನ ತಿನ್ನಾಕೋ ಏನೋ, ದೊಡ್ಡ ಬಾಯಿದು ಬಂತು. ಗಪ್ಪಂತ ಗಾಳಾ ನುಂಗ್ತು. ಕೋಲ ಬಿಲ್ಲಿನಂಗ ಬಗ್ಗಿತು. "ಬಿಡಬ್ಯಾಡ್ರೀ!" ಅಂತ ಸುಮಾ ಚೀರಿದ್ಲು. ಅಳಿಯಾರು ಮೊಣಕಾಲ ಮಟಾ ನೀರಿಗೆ ಇಳಿದ್ರು.

ಫಟ್. ಕೋಲ ನೆಟ್ಟಗಾತು.

"ಖೊಟ್ಟಿ ದಾರಾ! ಹರೀತು!" ಅಂತ ಎಲ್ಲಾರಕಿಂತ ಮೊದಲ ಒದರಿದಾಕಿ ನಾನ.

ಅಳಿಯಾರು ಸಾವಕಾಶ ದಾರಾ ಸುತ್ತಿ ತುದಿ ನನ್ನ ಕೈಯಾಗ ಇಟ್ರು. ನಾ ಹಲ್ಲಿಲೆ ಕಡದ ತುದಿ ಇದ್ದಂಗ ಇತ್ತು.

"ಅತ್ತಿ, ದಾರಾ ಹರದಿಲ್ಲ. ಗಂಟ ಬಿಚ್ಚೇತಿ."

ನುಣ್ಣನ ದಾರದಾಗ ನೇಕಾರ ಗಂಟ ಜಾರತೈತಂತ! ನಮ್ಮ ಮನಿಯವ್ರು ಹೊಳಿ ಕಡೆ ಮಾರಿ ಮಾಡಿ ಕೆಮ್ಮಿದ್ರು. ಅವ್ರಿಗೆ ಕೆಮ್ಮೇನ ಇದ್ದಿಲ್ಲ. ನಾ ಸೆರಗ ಮಾರಿಗೆ ಹಾಕ್ಕೊಂಡ್ನಿ, ಅದೂ ನಾನ ಕೂಡಿಸಿದ ಸೆರಗು.

ತಿರುಗಿ ಬರೋವಾಗ ಬಸ್ಸಿನ್ಯಾಗ ಅಳಿಯಾರು ನನ್ನ ಬಾಜೂಕ ಕುಂತ್ರು. ಹೆಣದ ದಾರಕ್ಕ ಯಾವ ಗಂಟ, ಎಷ್ಟ ಸುತ್ತು, ಯಾಕ ತೋಯ್ಸಿ ಬಿಗೀಬೇಕು, ಇಳಕಲ್ಲ ಬರೋ ಮಟಾ ಹೇಳಿದ್ರು. ಎರಡ ವರ್ಷದ ಮಾತ ಒಂದ ಬಸ್ಸಿನ್ಯಾಗ! ಆದ್ರ ಆ ದಿನಾ "ಹೂಂ", "ಉಹೂಂ" ಅಂದಾಕಿ ನಾನು.

ಆ ದಾರಾ ಈಗೂ ನಮ್ಮ ಹಿತ್ತಲದಾಗ ಅರಬಿ ಒಣಗಸಾಕ ಐತಿ. ಗಂಟ ಅಳಿಯಾರದು. ನಂದು ಬರೇ ಅರಬಿಗೆ ಚಿಮಟಾ ಹಚ್ಚೋ ಕೆಲಸ.